ಟೇಲರ್ ಚಿಂದಿ, ರದ್ದಿ ಕಾಗದ, ರುಬ್ಬುವ ಕಲ್ಲು: ಮಡಚಿದರೂ ಸೀಳದ ಹೊದಿಕೆ ಬಂದ ಬಗೆ

ಕಾಗದದ ಪಲ್ಪ್ (ಎಳೆಯ ಮುದ್ದೆ) ಜಜ್ಜುವ ಬೀಟರ್ ಯಂತ್ರವಿಲ್ಲದೆ, ಮನೆಯ ಗ್ರೈಂಡರಿನಲ್ಲೇ ಅರಿವೆ ಅರೆದು, ಮಡಚಿದರೂ ಬೆನ್ನಲ್ಲಿ ಸೀಳದ ನೋಟ್‌ಬುಕ್ ಹೊದಿಕೆ ಮಾಡಬಹುದು. ಆಗುವುದಿಲ್ಲ ಎಂದವರಲ್ಲಿ ಕಾಗದದ ಕೆಲಸ ಬಲ್ಲವರೇ ಹೆಚ್ಚು. "ಹಿಟ್ಟು ರುಬ್ಬೂ ಕಲ್ಲಿನಾಗ ಅರಿವಿ ಹಾಕ್ತೀರೇನ್ರಿ? ಕಲ್ಲೂ ಹೋಗ್ತದ, ಅರಿವೀನೂ ಹೋಗ್ತದ" ಎಂದಿದ್ದರು. ಅದೇ ಹೊದಿಕೆಯನ್ನು ಅವರ ಮುಂದೆ ಸುಮಾರು ಇನ್ನೂರು ಸಲ ಮಡಚಿ ಬಿಚ್ಚಿ ತೋರಿಸಿದ ಮೇಲೆ ಈಗ ಪ್ರಮಾಣ ಕೇಳುತ್ತಿದ್ದಾರೆ. ಜಾಲರಿ ಚೌಕಟ್ಟು ಹಿಡಿದು ಹಾಳೆ ಎತ್ತಲು, ಬಟ್ಟೆಯ ಮೇಲೆ ಮಗುಚಲು ಬರುವವರಿಗಾಗಿ ಇದನ್ನು ಬರೆದಿದ್ದೇನೆ. ಆ ಪಾಠ ಇಲ್ಲಿಲ್ಲ.

ಬರೀ ರದ್ದಿ ನೋಟ್‌ಬುಕ್ ಕಾಗದದ ಹಾಳೆ ಮೊದಲ ದಿನ ಚಂದ ಕಾಣುತ್ತದೆ. ಮಡಿಕೆಯಲ್ಲಿ ಇಪ್ಪತ್ತು, ಇಪ್ಪತ್ತೈದು ಸಲ ತೆರೆದರೆ ಬಿರುಕು ಬರುತ್ತದೆ. ಒಮ್ಮೆ ಕಾಗದವಾಗಿ ಮತ್ತೆ ಕರಗಿದ ಎಳೆ ಗಿಡ್ಡವಾಗಿ, ಬಿರುಸಾಗಿ ಇರುವುದೇ ಕಾರಣ. ಸುದ್ದಿಪತ್ರಿಕೆ ಇನ್ನೂ ಕೆಟ್ಟದ್ದು. ಅದರಲ್ಲಿ ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುವುದರಿಂದ ಬಿಸಿಲು ತಾಗಿದರೆ ಹಳದಿಯಾಗುತ್ತದೆ. ನಾನು ಅದನ್ನು ಪೂರ್ತಿ ಬಿಟ್ಟಿದ್ದೇನೆ. ಬಲ ಬರುವುದು ಹತ್ತಿ ಎಳೆಯಿಂದ. ನನ್ನ ಪ್ರಮಾಣ ಒಣತೂಕದಲ್ಲಿ ನೂರಕ್ಕೆ ಅರವತ್ತು ರದ್ದಿ, ನಲವತ್ತು ಹತ್ತಿ ಚಿಂದಿ. ಹತ್ತಿಯನ್ನು ಇಪ್ಪತ್ತೈದಕ್ಕೆ ಇಳಿಸಿದರೆ ಮಡಿಕೆ ತಡೆಯುವುದಿಲ್ಲ. ಅರವತ್ತಕ್ಕೆ ಏರಿಸಿದರೆ ಗ್ರೈಂಡರ್ ತಡೆಯುವುದಿಲ್ಲ.

ಹುಬ್ಬಳ್ಳಿಯ ಟೇಲರ್ ಅಂಗಡಿಗಳ ಚಿಂದಿಯಲ್ಲಿ ಹತ್ತು ಕಿಲೋ ತಂದರೆ ಅಪ್ಪಟ ಹತ್ತಿ ಸಿಗುವುದು ಮೂರು ಕಿಲೋ. ಉಳಿದದ್ದು ಪಾಲಿಯೆಸ್ಟರ್ ಮಿಶ್ರಣ. ಅದು ನೀರು ಹೀರುವುದಿಲ್ಲ, ಎಷ್ಟು ಅರೆದರೂ ಎಳೆಗೆ ಎಳೆ ಕಚ್ಚಿಕೊಳ್ಳುವುದಿಲ್ಲ. ಅನುಮಾನ ಬಂದ ತುಂಡನ್ನು ಸುಟ್ಟು ನೋಡಿ. ಸುಟ್ಟ ಕಾಗದದ ವಾಸನೆ, ಮೆತ್ತನೆಯ ಬೂದಿ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಖಣದ ತುಂಡು, ರೇಷ್ಮೆ ಸೆರಗು ಮುಂದೆ ಹೇಳುವ ಸುಣ್ಣದ ನೀರಿಗೆ ಹಾಕಬೇಡಿ, ಕ್ಷಾರಕ್ಕೆ ರೇಷ್ಮೆ ಹಾಳಾಗುತ್ತದೆ. ಅವನ್ನು ಹೊದಿಕೆಯ ಮೇಲಿನ ತೇಪೆಗೆ ಎತ್ತಿಡಿ. ಹೊಸ ಬಟ್ಟೆಗಿಂತ ನೂರು ಸಲ ಒಗೆದ ಹಳೆಯ ಧೋತರ, ಲುಂಗಿ ಬೇಗ ಅರೆಯುತ್ತವೆ. ಎಲ್ಲಕ್ಕಿಂತ ಒಳ್ಳೆಯದು ಖಾದಿ ಚೂರು, ಕೈನೂಲಿನ ತಿರುವು ಸಡಿಲ. ರಾಷ್ಟ್ರಧ್ವಜದ ಬಟ್ಟೆ ನೇಯುವ ಗರಗ ಇಲ್ಲೇ ಪಕ್ಕದಲ್ಲಿರುವಾಗ ಖಾದಿ ಅಂಗಿ ಹೊಲಿಯುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಅವರ ಹತ್ತಿರ ಮೊದಲೇ ಹೇಳಿಟ್ಟರೆ ತಿಂಗಳಿಗೆ ಎರಡು ಮೂರು ಕಿಲೋ ಸಿಗುತ್ತದೆ.

ಚೂರು ಒಂದು ಸೆಂಟಿಮೀಟರಿಗಿಂತ ದೊಡ್ಡದಿರಬಾರದು. ಎರಡು ಸೆಂಟಿಮೀಟರ್ ಬಿಟ್ಟದ್ದಕ್ಕೆ ಇಡೀ ರಾಶಿ ಹಗ್ಗದ ಹಾಗೆ ಹೊಸೆದುಕೊಂಡು ತಿಪ್ಪೆಗೆ ಹೋಯಿತು. ಕತ್ತರಿಯಲ್ಲಿ ಒಂದು ಕಿಲೋಗೆ ಮೂರು ತಾಸು ಬೇಕು. ಮೇವು ಕತ್ತರಿಸುವ ಕೈಯಂತ್ರದಲ್ಲಿ ಒಣ ಬಟ್ಟೆ ಜಾರುತ್ತದೆ. ತೋಯಿಸಿ, ಹಿಂಡಿ, ಬಿಗಿಯಾಗಿ ಸುತ್ತಿ ಕಟ್ಟಿ ಕೊಟ್ಟರೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಒಮ್ಮೆ ಉದ್ದಕ್ಕೆ ಪಟ್ಟಿ, ಆಮೇಲೆ ಅಡ್ಡಕ್ಕೆ ಚೂರು.

ಇನ್ನು ಚೂರು ಮೆತ್ತಗಾಗಲು ಸುಣ್ಣ. ಒಂದು ಕಿಲೋ ಚೂರಿಗೆ ಹತ್ತು ಲೀಟರ್ ನೀರು, ನೂರು ಗ್ರಾಂ ಸುಣ್ಣ. ಹರಳು ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ನೀರು ಹುಯ್ದು ಅರಳಿಸಿ, ತಣಿದ ಮೇಲೆ ಸೋಸಿ ಹಾಕಬೇಕು. ಪ್ಲಾಸ್ಟಿಕ್ ಡ್ರಮ್ ಸಾಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಹತ್ತು ಹನ್ನೆರಡು ದಿನ ಬಿಟ್ಟು, ದಿನಕ್ಕೊಮ್ಮೆ ಕೋಲಿನಿಂದ ತಿರುವಬೇಕು, ಕೈಗವಸು ಬಿಡಬಾರದು. ಹೆಚ್ಚು ದಿನ ಬಿಟ್ಟರೆ ಇನ್ನೂ ಮೆತ್ತಗಾದೀತು ಎಂದು ಒಂದು ತಿಂಗಳು ಬಿಟ್ಟ ರಾಶಿಯ ಹಾಳೆ ಬ್ಲಾಟಿಂಗ್ ಕಾಗದದ ಹಾಗೆ ಕಿತ್ತು ಬಂತು, ಎಳೆಯೇ ಸತ್ತಿತ್ತು. ಹನ್ನೆರಡನೇ ದಿನ ಒಂದು ಚೂರನ್ನು ಎರಡು ಬೆರಳಲ್ಲಿ ಉಜ್ಜಿದಾಗ ನೇಯ್ಗೆ ಬಿಚ್ಚಿಕೊಂಡರೆ ಸಾಕು.

ತೊಳೆದು, ಕಿಲೋಗೆ ಐವತ್ತು ಗ್ರಾಂ ವಾಷಿಂಗ್ ಸೋಡಾ ಹಾಕಿ ಸ್ಟೀಲ್ ಪಾತ್ರೆಯಲ್ಲಿ ಮೂರು ತಾಸು ಕುದಿಸಬೇಕು. ಮತ್ತೆ ತೊಳೆಯಬೇಕು. ಸಾಕಷ್ಟು ತೊಳೆದದ್ದು ತಿಳಿಯಲು ಹಿಂಡಿದ ನೀರಿಗೆ ಚಿಟಿಕೆ ಅರಿಶಿನ ಹಾಕಿ ನೋಡಿ. ಆರತಿ ನೀರಿನ ಹಾಗೆ ಕೆಂಪಾದರೆ ಕ್ಷಾರ ಇನ್ನೂ ಇದೆ, ಹಳದಿಯೇ ಉಳಿದರೆ ಮುಗಿಯಿತು. ಐದಾರು ನೀರು ಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ನಲ್ಲಿ ನೀರು ಬರುವ ದಿನ ನೋಡಿಕೊಂಡೇ ಕುದಿಸಲು ಇಡಿ.

ಎಲ್ಲರೂ ಸೋಲುವುದು ಅರೆಯುವ ಹಂತದಲ್ಲಿ. ಮಿಕ್ಸಿಗೆ ಚಿಂದಿ ಹಾಕಿದರೆ ದಾರ ಬ್ಲೇಡಿನ ಬುಡಕ್ಕೆ ಸುತ್ತಿಕೊಳ್ಳುತ್ತದೆ. ಹಾಗೇ ಎರಡು ಮೋಟಾರು ಸುಟ್ಟವು, ಒಂದೊಂದರ ವೈಂಡಿಂಗಿಗೆ ಎಂಟುನೂರರ ಹತ್ತಿರ ಕೊಟ್ಟಿದ್ದೇನೆ. ಸುಡದಿದ್ದರೂ ಬ್ಲೇಡು ಎಳೆಯನ್ನು ಕತ್ತರಿಸುತ್ತದೆ, ನಮಗೆ ಬೇಕಾದದ್ದು ಜಜ್ಜಿ ಎಳೆಯ ಮೈ ಬಿಚ್ಚುವುದು. ಅದಕ್ಕೆ ಕಲ್ಲೇ ಸರಿ. ಆದರೆ ಬರೀ ಚಿಂದಿಯನ್ನು ಗ್ರೈಂಡರಿಗೆ ಹಾಕಿದರೆ ಕಲ್ಲಿನ ಮುಂದೆ ಉಂಡೆಗಟ್ಟಿ ನಿಲ್ಲುತ್ತದೆ, ಕಲ್ಲಿನಡಿಗೆ ಹೋಗುವುದೇ ಇಲ್ಲ. "ಆಗೂದಲ್ಲ" ಎಂದವರು ಇಲ್ಲಿಗೇ ನಿಲ್ಲಿಸಿದ್ದರು.

ದಾರಿ ಇದು. ಮೊದಲು ಕುದಿಸಿದ ಚಿಂದಿಯನ್ನು ಒರಳಲ್ಲಿ ಒನಕೆಯಿಂದ ಹತ್ತು ಹದಿನೈದು ನಿಮಿಷ ಕುಟ್ಟಿ, ನೇಯ್ಗೆ ಪೂರ್ತಿ ಬಿಚ್ಚಬೇಕು. ರಾತ್ರಿ ನೆನೆಸಿದ ರದ್ದಿಯನ್ನು ಮಿಕ್ಸಿಯಲ್ಲಿ ಒರಟಾಗಿ ತಿರುವಿ, ಮೊಸರಿನಷ್ಟು ಗಟ್ಟಿಯಾಗಿ ಗ್ರೈಂಡರಿಗೆ ಮೊದಲು ಹಾಕಬೇಕು. ಕಲ್ಲು ತಿರುಗುತ್ತಿರುವಾಗ ಕುಟ್ಟಿದ ಚಿಂದಿಯನ್ನು ಹಿಡಿ ಹಿಡಿಯಾಗಿ ಸೇರಿಸಬೇಕು. ಕಾಗದದ ಪಲ್ಪೇ ಹತ್ತಿಯನ್ನು ಹೊತ್ತುಕೊಂಡು ಕಲ್ಲಿನಡಿಗೆ ಒಯ್ಯುತ್ತದೆ. ಎರಡು ಲೀಟರಿನ ಟೇಬಲ್ ಗ್ರೈಂಡರಿಗೆ ಒಂದು ಸಲಕ್ಕೆ ಒಣತೂಕ ನೂರಿಪ್ಪತ್ತು ಗ್ರಾಂ ರದ್ದಿ, ಎಂಬತ್ತು ಗ್ರಾಂ ಹತ್ತಿ, ಸುಮಾರು ನಲವತ್ತು ನಿಮಿಷ. ಪ್ರತಿ ಸಲ ಮೋಟಾರಿಗೆ ಕಾಲು ತಾಸು ವಿಶ್ರಾಂತಿ. ಎರಡು ಕಿಲೋಗೆ ಹತ್ತು ಸಲ, ಅಂದರೆ ಇಡೀ ದಿನದ ಕೆಲಸ. ಅಡುಗೆಯ ಗ್ರೈಂಡರ್ ಬೇರೆ, ಇದು ಬೇರೆ. ಮತ್ತೆ ಹಿಟ್ಟಿಗೆ ಬಳಸುವಂತಿಲ್ಲ. ಹಳೆಯದು ಸಾವಿರದ ಐನೂರಕ್ಕೆ ಸಿಕ್ಕಿತು.

ಒಂದು ಚಮಚ ಪಲ್ಪನ್ನು ಗಾಜಿನ ಲೋಟದ ನೀರಲ್ಲಿ ಕದಡಿ ಬೆಳಕಿಗೆ ಹಿಡಿಯಿರಿ. ಗಂಟು ಕಂಡರೆ ಇನ್ನೂ ಹತ್ತು ನಿಮಿಷ. ಮೋಡದ ಹಾಗೆ ಹರಡಿದರೆ ನಿಲ್ಲಿಸಿ. ಒಂದು ತಾಸು ದಾಟಿದರೆ ಜಾಲರಿಯಲ್ಲಿ ನೀರು ಇಳಿಯಲು ಸತಾಯಿಸುತ್ತದೆ, ಹಾಳೆ ಒಣಗುವಾಗ ಕುಗ್ಗಿ ಹಪ್ಪಳವಾಗುತ್ತದೆ.

ಇನ್ನು ಹಾಳೆಯ ಅಂದಕ್ಕೆ ಸೇರಿಸುವ ಬಣ್ಣದ ದಾರ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ನಿನ ದಾರ ಹೆಚ್ಚಾಗಿ ಪಾಲಿಯೆಸ್ಟರ್. ಪಲ್ಪಿಗೇ ಸುರಿದರೆ ಒಣಗಿದ ಮೇಲೆ ಎದ್ದು ನಿಲ್ಲುತ್ತದೆ, ಉಗುರಿಗೆ ಸಿಕ್ಕರೆ ಹಾಳೆಯನ್ನೂ ಕಿತ್ತುಕೊಂಡು ಬರುತ್ತದೆ. ನಾನು ಎರಡು ಪದರದಲ್ಲಿ ಹಿಡಿಸುತ್ತೇನೆ. ಒಂಬತ್ತಕ್ಕೆ ಹನ್ನೆರಡು ಇಂಚಿನ ಚೌಕಟ್ಟಿನಲ್ಲಿ ದಪ್ಪ ಹಾಳೆ ಎತ್ತಿ ಬಟ್ಟೆಯ ಮೇಲೆ ಮಗುಚಿ, ಹಸಿ ಇದ್ದಾಗಲೇ ಮೂರು ಸೆಂಟಿಮೀಟರ್ ದಾರಗಳನ್ನು ಉದುರಿಸಿ, ತೊಟ್ಟಿಗೆ ನೀರು ಸೇರಿಸಿ ತೆಳು ಮಾಡಿದ ಪಲ್ಪಿನಿಂದ ಇನ್ನೊಂದು ಪರದೆಯಂಥ ಹಾಳೆಯನ್ನು ಅದರ ಮೇಲೇ ಮಗುಚುವುದು. ಕೆಳಗಿನದು 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಮೇಲಿನದು 40ರ ಆಸುಪಾಸು. ಎರಡೂ ಹಸಿ ಇದ್ದರೆ ಒತ್ತಿದಾಗ ಒಂದೇ ಹಾಳೆಯಾಗುತ್ತವೆ. ಜರಿ ಚೂರು ಕೂಡ ಒಳಗೇ ಮಿಂಚುತ್ತದೆ. ಹೀಗೆ ಮಾಡಿದರೆ ಪದರ ಬಿಡುತ್ತದೆ ಎಂದು ಹೇಳಿದವರಿದ್ದಾರೆ, ಅವರು ಬಹುಶಃ ಕೆಳಗಿನ ಹಾಳೆ ಅರ್ಧ ಒಣಗಿದ ಮೇಲೆ ಮಗುಚಿರಬೇಕು. ಮೇಲಿನ ಪದರದ ತೊಟ್ಟಿಗೆ ನಾನು ಇನ್ನೊಂದು ಅಡುಗೆಮನೆಯ ಪದಾರ್ಥ ಸೇರಿಸುತ್ತೇನೆ, ಎಳೆಗಳು ನಿಧಾನವಾಗಿ ಇಳಿದು ಸಮನಾಗಿ ಹರಡಲು. ಅದರ ಹೆಸರು ಸದ್ಯ ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಕೆಲಸ ಆಗುತ್ತದೆ, ಹತ್ತರಲ್ಲಿ ಎರಡು ಹಾಳೆ ತೂತು ಬೀಳುತ್ತವೆ ಅಷ್ಟೆ.

ಕೆಂಪು ಮತ್ತು ಕುಂಕುಮ ಬಣ್ಣದ ದಾರ ಬಣ್ಣ ಬಿಡುತ್ತದೆ. ಬಿಸಿನೀರಲ್ಲಿ ನೆನೆಸಿ ಬಿಳಿ ಬಟ್ಟೆಗೆ ಉಜ್ಜಿ ನೋಡದೆ ಹಾಕಿ ಮೂವತ್ತು ಹಾಳೆ ಗುಲಾಬಿ ಮಚ್ಚೆಯಾದವು. ಉಪ್ಪು, ವಿನೆಗರ್ ಎರಡೂ ಉಪಯೋಗಕ್ಕೆ ಬರಲಿಲ್ಲ.

ಒತ್ತಲು ಮೊದಲು ಕಲ್ಲು ಹೇರುತ್ತಿದ್ದೆ. ಅಂಚು ದಪ್ಪ, ನಡು ತೆಳು. ಈಗ ಕಬ್ಬಿಣದ ಚೌಕಟ್ಟಿನೊಳಗೆ ವಾಹನ ಎತ್ತುವ ಐದು ಟನ್ನಿನ ಜಾಕ್ ಕೂರಿಸಿದ್ದೇನೆ. ವೆಲ್ಡಿಂಗ್ ಸೇರಿ ಮೂರು ಸಾವಿರದ ಮೇಲಾಯಿತು. ಹಾಳೆಗಳ ನಡುವೆ ಹಳೆಯ ಹತ್ತಿ ಚಾದರದ ತುಂಡು, ರಾಶಿಯ ಕೆಳಗೂ ಮೇಲೂ ಕುರಿ ಉಣ್ಣೆಯ ಕಂಬಳಿ. ಕಂಬಳಿ ನೇರ ಹಾಳೆಗೆ ತಾಗಿದರೆ ಕರಿ ಕೂದಲು ಅಂಟುತ್ತದೆ. ಜಾಕನ್ನು ಒಂದೇ ಸಲ ಏರಿಸಿದರೆ ಹಸಿ ಹಾಳೆ ಹಿಂಡಿಕೊಂಡು ಅಂಚಿನಿಂದ ಹೊರಗೆ ಹರಿಯುತ್ತದೆ. ಐದು ನಿಮಿಷಕ್ಕೊಮ್ಮೆ ಎರಡೆರಡು ಒತ್ತು, ಒಟ್ಟು ಅರ್ಧ ತಾಸು.

ಒಣಗಿಸುವುದು ನೆರಳಲ್ಲಿ, ಚಾದರದ ತುಂಡಿನ ಸಮೇತ ಹಗ್ಗಕ್ಕೆ ಹಾಕಿ. ಏಪ್ರಿಲ್ ಬಿಸಿಲಿಗೆ ನೇರ ಇಟ್ಟರೆ ಎರಡು ತಾಸಿನಲ್ಲಿ ದೋಣಿಯಾಗುತ್ತದೆ. ಗದಗಿನ ಒಣಗಾಳಿಯಲ್ಲಿ ಒಂದು ದಿನಕ್ಕೆ ಒಣಗಿದ್ದು ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಾಲ್ಕು ದಿನ ತೆಗೆದುಕೊಂಡು ಬೂಷ್ಟು ಹಿಡಿಯಿತು.

ಇಂಕು ಹರಡದ ಹಾಗೆ ಗಂಜಿ ಬಳಿಯಲೇಬೇಕು. ಮೈದಾ ಅಂಟು ಅಗ್ಗ, ಆದರೆ ಮಳೆಗಾಲ ಬಂದರೆ ಹುಳ, ಜಿರಳೆ ಎರಡೂ ಬರುತ್ತವೆ. ಬೈಂಡಿಂಗ್‌ನವರ ಹಾಗೆ ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲ, ಆದರೆ ಅದು ವಿಷ, ಹಾಳೆಗೆ ಹಸಿರು ಛಾಯೆಯೂ ಬರುತ್ತದೆ. ಮಕ್ಕಳ ಕೈಗೆ ಹೋಗುವ ಪುಸ್ತಕಕ್ಕೆ ಬೇಡ. ನಾನು ಬಳಸುವುದು ಸಾಬೂದಾನಿ. ಲೀಟರಿಗೆ ಇಪ್ಪತ್ತು ಗ್ರಾಂ, ಗಾಜಿನಂತಾಗುವವರೆಗೆ ಕುದಿಸಿ, ಸೋಸಿ, ಚಿಟಿಕೆ ಪಟಕ (ಆಲಂ) ಸೇರಿಸಿ, ಒಣಗಿದ ಹಾಳೆಗೆ ಅಗಲ ಬ್ರಷ್ಷಿನಿಂದ ಒಂದೊಂದು ಕೈ. ಬಳಿದ ಮೇಲೆ ಮತ್ತೆ ಜಾಕಿನಡಿ ಒಂದು ರಾತ್ರಿ.

ಹೊದಿಕೆಯ ಮುಂಬದಿಗೆ ಕೌದಿ ತೇಪೆ. ಕಾಗದದ ಮೇಲೇ ಹೊಲಿದರೆ ಐದು ಮಿಲಿಮೀಟರಿಗೊಂದು ತೂತು ಬಿದ್ದು, ಅಂಚೆಚೀಟಿಯ ಹಾಗೆ ಆ ಸಾಲಿನಲ್ಲೇ ಹರಿಯುತ್ತದೆ. ಹೊಲಿಗೆಯನ್ನು ಒಂಬತ್ತು ಮಿಲಿಮೀಟರಿಗೆ ಏರಿಸಿದರೆ ಹರಿಯಲಿಲ್ಲ, ಆದರೆ ಕೌದಿಯ ಚೆಲುವು ಹೋಯಿತು. ಕೊನೆಗೆ ತೇಪೆಗಳನ್ನು ತೆಳು ಹತ್ತಿ ಬಟ್ಟೆಯ ಮೇಲೆ ಒತ್ತೊತ್ತಾಗಿ ಕೌದಿಯ ಹಾಗೆಯೇ ಹೊಲಿಸಿ, ಆಮೇಲೆ ಹೊದಿಕೆಗೆ ಅಂಟಿಸಿದೆ. ಅಂಟು ಗಟ್ಟಿಯಾಗಿರಲಿ, ಕಾಗದಕ್ಕೆ ಬಳಿಯಿರಿ, ಬಟ್ಟೆಗೆ ಬಳಿದರೆ ಮೇಲಕ್ಕೆ ಇಣುಕಿ ಕಲೆಯಾಗುತ್ತದೆ. ಬೆನ್ನಿನ ಮಡಿಕೆಯನ್ನು ಒಣದಾಗಿ ಮುರಿಯಬೇಡಿ. ಚಾಕುವಿನ ಬೆನ್ನಿಂದ ಗೆರೆ ಒತ್ತಿ, ಒದ್ದೆ ಬೆರಳು ಎಳೆದು ಮಡಚಿ.

ಕಸೂತಿಯನ್ನೂ ಪ್ರಯತ್ನಿಸಿದೆ. ಎಣಿಸಲು ಎಳೆ ಇಲ್ಲದ ಕಡೆ ಎರಡೂವರೆ ಮಿಲಿಮೀಟರ್ ಚೌಕದಲ್ಲಿ ಸೂಜಿಯಿಂದ ತೂತಿಟ್ಟುಕೊಂಡರೆ ಗವಂತಿ ಬರುತ್ತದೆ, ಹೋದ ಗೆರೆಯಲ್ಲೇ ಹಿಂದಿರುಗುವ ಹೊಲಿಗೆ ಅದು. ಮೆಂತೆ ಎಂಬ ಕತ್ತರಿ ಹೊಲಿಗೆಯಲ್ಲಿ ಒಂದೇ ತೂತಿಗೆ ನಾಲ್ಕು ಕಡೆಯಿಂದ ದಾರ ಬಂದು ಕಾಗದ ಬಾಯಿ ಬಿಡುತ್ತದೆ. ಗವಂತಿಯ ಪುಟ್ಟ ಗೋಪುರವೊಂದು ಆರು ತಾಸು ತಿಂದಿತು. ಆ ಕೂಲಿ ಯಾರೂ ಕೊಡುವುದಿಲ್ಲ, ಶುಭಾಶಯ ಪತ್ರಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಬಣ್ಣಕ್ಕೆ ಉಳ್ಳಾಗಡ್ಡಿ ಸಿಪ್ಪೆ ಒಳ್ಳೆಯದು. ಕುದಿಸಿ ಸೋಸಿದ ನೀರು ಪಲ್ಪಿಗೆ ಜೇನು ಬಣ್ಣ ಕೊಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬರಲಿ ಎಂದು ಸಿಪ್ಪೆ ಅರೆದು ಹಾಕಿದ್ದು ಪೂರ್ತಿ ವ್ಯರ್ಥ. ಆ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ನೀರಲ್ಲಲ್ಲ. ಹಾಳೆಯ ಮೇಲೆ ಜಿಡ್ಡಿನ ಚುಕ್ಕೆ, ಕಣ್ಣಿಗೆ ಎರಡು ದಿನ ಉರಿ. ಜಯಧರ ತಳಿಯ ಹತ್ತಿಯ ಹಸಿ ಅರಳೆಯನ್ನು ನೇರ ಹಾಕಿದ್ದೂ ತೇಲಿ ಗಂಟುಗಂಟಾಯಿತು. ಹಸಿ ಹತ್ತಿಯ ಮೇಲೆ ಮೇಣವಿರುತ್ತದೆ, ಸೋಡಾದಲ್ಲಿ ಕುದಿಸದೆ ಅದು ನೀರು ಕುಡಿಯುವುದಿಲ್ಲ. ನವಲಗುಂದ ಜಮಖಾನದ ತುದಿ ದಾರ ಮಾತ್ರ ಮೇಲಿನ ಪದರದಡಿ ಬಹಳ ಚಂದ ಕೂರುತ್ತದೆ.

ಲೆಕ್ಕ ನೆನಪಿನಿಂದ ಬರೆಯುತ್ತಿದ್ದೇನೆ, ಐದು ಹತ್ತು ರೂಪಾಯಿ ಆಚೀಚೆ ಇರಬಹುದು. ಎರಡು ಕಿಲೋ ಪಲ್ಪಿನಲ್ಲಿ ಐದನೇ ಒಂದು ಭಾಗ ಜಾಲರಿಯಿಂದ ಹರಿದು ಹೋಗುತ್ತದೆ. ಉಳಿದದ್ದರಲ್ಲಿ ಎಪ್ಪತ್ತೈದು, ಎಂಬತ್ತು ಹೊದಿಕೆ. ಈ ಎರಡು ಕಿಲೋಗೆ ರದ್ದಿ, ಚಿಂದಿ, ಸುಣ್ಣ, ಸೋಡಾ, ಕರೆಂಟು ಸೇರಿ ಎಪ್ಪತ್ತು ಎಂಬತ್ತು ರೂಪಾಯಿ. ಗ್ಯಾಸಿನಲ್ಲಿ ಕುದಿಸುತ್ತಿದ್ದಾಗ ಅದೊಂದೇ ತೊಂಬತ್ತು ಹೆಚ್ಚಾಗುತ್ತಿತ್ತು, ಕಟ್ಟಿಗೆ ಪುಡಿಯ ಒಲೆಗೆ ಬದಲಿಸಿದ ಮೇಲೆ ಉಳಿಯಿತು. ಒಳಪುಟಕ್ಕೆ ಗದಗಿನ ಮುದ್ರಣಾಲಯಗಳಲ್ಲಿ ಕತ್ತರಿಸಿ ಉಳಿದ ಬಿಳಿ ಕಾಗದ, ಕಿಲೋಗೆ ಮೂವತ್ತೈದು. ಒಂದು ನೋಟ್‌ಬುಕ್ಕಿಗೆ ನೂರಿಪ್ಪತ್ತು ಗ್ರಾಂ. ದಾರ, ಅಂಟು, ತೇಪೆಯ ಬಟ್ಟೆ ಎಲ್ಲ ಸೇರಿ ಒಂದಕ್ಕೆ ಸಾಮಗ್ರಿಗೆ ಹತ್ತು ಹನ್ನೆರಡು ರೂಪಾಯಿ ಮುಗಿಯಿತು. ಹಣ ಹೋಗುವುದು ಕೂಲಿಗೆ. ಕೌದಿ ತೇಪೆಗೆ ಇಪ್ಪತ್ತೈದು, ಬೈಂಡಿಂಗಿಗೆ ಹತ್ತು, ಹಾಳೆ ಎತ್ತುವವರಿಗೆ ಹಂಚಿದರೆ ಎಂಟು. ಒಟ್ಟು ಐವತ್ತೈದು.

ನೇರ ಮಾರಿದರೆ ನೂರಾ ಅರವತ್ತು. ಅಂಗಡಿಗೆ ಕೊಟ್ಟರೆ ನೂರಾ ಹತ್ತು, ಅದೂ ಮೂರು ತಿಂಗಳ ಮೇಲೆ. ಮೊದಲ ವರ್ಷ ಒಂದು ಅಂಗಡಿಗೆ ಉದ್ರಿ ಕೊಟ್ಟ ಇನ್ನೂರು ನೋಟ್‌ಬುಕ್ಕಿನ ಹಣ ಅರ್ಧವೂ ಬರಲಿಲ್ಲ. ಸುಟ್ಟ ಮೋಟಾರು, ಬಿಸಾಕಿದ ಹಾಳೆ ಸೇರಿ ಆ ವರ್ಷ ಹದಿನೆಂಟು ಸಾವಿರ ಕೈಬಿಟ್ಟಿತು. ಎರಡನೇ ವರ್ಷ ಅದು ತುಂಬಿ ಬಂತು. ಈಗ ಅಂಗಡಿಗೆ ಮುಂಗಡ ಇಲ್ಲದೆ ಕೊಡುವುದಿಲ್ಲ, ಒಂದು ಸಲಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಕಳಿಸುವುದೂ ಇಲ್ಲ.

ವರ್ಷದ ಹಾಳೆಯನ್ನೆಲ್ಲ ದೀಪಾವಳಿಯಿಂದ ಮೇ ಕೊನೆಯೊಳಗೆ ಎತ್ತಿ ಮುಗಿಸುತ್ತೇನೆ. ಗಂಜಿ ಬಳಿದ ಹೊದಿಕೆಗಳನ್ನು ಬೇವಿನ ಒಣ ಎಲೆಯ ಜೊತೆ ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಮಳೆ ಶುರುವಾದ ಮೇಲೆ ಬರೀ ಕೌದಿ ಹೊಲಿಗೆ, ಬೈಂಡಿಂಗ್. ಜೂನಿನಲ್ಲಿ ಸುಣ್ಣದ ಡ್ರಮ್ ಖಾಲಿ ಮಾಡಿ ತೊಳೆದಿಡಿ.