ಎರಡು ವೂಫರ್, ಒಂದು ಆಂಪ್: ಸೀರೀಸೋ, ಪ್ಯಾರಲಲ್ಲೋ?

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ 12 ಇಂಚಿನ ಎರಡು ಸಬ್‌ವೂಫರ್ ತಂದಾಯಿತು, ಆಂಪ್ ಮೊದಲೇ ಮನೆಯಲ್ಲಿದೆ. ಇನ್ನು ವೈರ್ ಹೇಗೆ ಜೋಡಿಸಬೇಕು? ಅದನ್ನು ತೀರ್ಮಾನಿಸುವುದು ಆಂಪ್. ಅದರ ಕೈಪಿಡಿಯಲ್ಲಿ ಎರಡು ಅಂಕಿ ಹುಡುಕಿ: ಒಂದು ಚಾನೆಲ್‌ಗೆ ಕನಿಷ್ಠ ಎಷ್ಟು ಓಮ್ (ಕರೆಂಟ್‌ಗೆ ಒಡ್ಡುವ ತಡೆಯ ಅಳತೆ), ಬ್ರಿಡ್ಜ್ ಮಾಡಿದರೆ, ಅಂದರೆ ಎರಡು ಚಾನೆಲ್ ಸೇರಿಸಿ ಒಂದಾಗಿ ಬಳಸಿದರೆ, ಕನಿಷ್ಠ ಎಷ್ಟು ಓಮ್. ವೂಫರ್‌ಗಳ ಒಟ್ಟು ಓಮ್ ಅದಕ್ಕಿಂತ ಹೆಚ್ಚಿದ್ದರೆ ಸದ್ದು ತುಸು ತಗ್ಗುತ್ತದೆ, ಅಷ್ಟೇ. ಕಡಿಮೆಯಾದರೆ ಆಂಪ್‌ನಿಂದ ಮಿತಿಮೀರಿ ಕರೆಂಟ್ ಹರಿಯುತ್ತದೆ. ಬಿಸಿಯೇರಿದ ಆಂಪ್ ತಾನಾಗಿ ನಿಂತು ಪ್ರೊಟೆಕ್ಟ್ ದೀಪ ಹತ್ತಿದರೆ ಅದೃಷ್ಟ. ಅಗ್ಗದ ಆಂಪ್‌ಗಳಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೇ ಸುಟ್ಟುಹೋಗುತ್ತವೆ.

ಬೇಕಾದ ಸಾಮಾನು ಹೆಚ್ಚಿಲ್ಲ: ಮಲ್ಟಿಮೀಟರ್, 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್, 2.5 ಚದರ ಮಿಲಿಮೀಟರಿನ ಕೆಂಪು-ಕಪ್ಪು ತಾಮ್ರದ ವೈರ್, ಸೋಲ್ಡರ್. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ವೈರೂ ಮಾರುಕಟ್ಟೆಯಲ್ಲಿದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಕೊಳ್ಳಬೇಡಿ.

ಮೊದಲು ಅಳತೆ

ಮೀಟರನ್ನು 200 ಓಮ್‌ಗೆ ತಿರುಗಿಸಿ, ಎರಡು ಪ್ರೋಬ್‌ಗಳ ತುದಿಯನ್ನು ಒಂದಕ್ಕೊಂದು ಒತ್ತಿ. 0.2 ಅಥವಾ 0.3 ಎಂದು ತೋರಿಸಿದರೆ ಅದು ಪ್ರೋಬ್ ವೈರಿನದೇ ರೋಧ. ಮುಂದಿನ ಪ್ರತಿ ಅಳತೆಯಿಂದಲೂ ಅದನ್ನು ಕಳೆಯಿರಿ. ಈಗ ಪ್ರೋಬ್‌ಗಳನ್ನು ವೂಫರ್‌ನ ಪ್ಲಸ್-ಮೈನಸ್ ಟರ್ಮಿನಲ್‌ಗೆ ಹಿಡಿಯಿರಿ. 4 ಓಮ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿ ಸುರುಳಿ) ಸಾಮಾನ್ಯವಾಗಿ 3.2ರಿಂದ 3.8 ತೋರಿಸುತ್ತದೆ, 2 ಓಮ್‌ನದು 1.6ರಿಂದ 1.9. ಕಡಿಮೆ ಬಂತೆಂದು ಗಾಬರಿ ಬೇಡ. ಮೀಟರ್ ಅಳೆಯುವುದು ಡಿಸಿ ರೋಧವನ್ನು, ಲೇಬಲ್ ಹೇಳುವುದು ಸಂಗೀತದ ಸಿಗ್ನಲ್‌ಗೆ ಕಾಯಿಲ್ ಒಡ್ಡುವ ಇಂಪೀಡೆನ್ಸನ್ನು. ಲೆಕ್ಕಕ್ಕೆ ಲೇಬಲ್ಲಿನ ಅಂಕಿಯನ್ನೇ ಹಿಡಿಯಿರಿ.

ಲೆಕ್ಕ

ಸೀರೀಸ್ ಎಂದರೆ ಆಂಪ್‌ನ ಪ್ಲಸ್ ಮೊದಲ ಕಾಯಿಲ್‌ನ ಪ್ಲಸ್‌ಗೆ, ಅದರ ಮೈನಸ್ ಎರಡನೆಯದರ ಪ್ಲಸ್‌ಗೆ, ಕೊನೆಯ ಮೈನಸ್ ಆಂಪ್‌ಗೆ. ಓಮ್‌ಗಳನ್ನು ಕೂಡಿಸಿದರಾಯಿತು. ಪ್ಯಾರಲಲ್‌ನಲ್ಲಿ ಎಲ್ಲ ಪ್ಲಸ್ ಒಂದೆಡೆ, ಎಲ್ಲ ಮೈನಸ್ ಒಂದೆಡೆ. ಒಂದೇ ಓಮ್‌ನ ಕಾಯಿಲ್‌ಗಳಾದರೆ ಅವುಗಳ ಸಂಖ್ಯೆಯಿಂದ ಭಾಗಿಸಿ. ಬೇರೆ ಬೇರೆ ಓಮ್‌ನ ವೂಫರ್‌ಗಳನ್ನು ಬೆರೆಸಲೇಬೇಡಿ. 4 ಮತ್ತು 8 ಓಮ್ ಪ್ಯಾರಲಲ್ ಆದರೆ 4ರದಕ್ಕೆ ಇಮ್ಮಡಿ ವ್ಯಾಟ್ ಹೋಗುತ್ತದೆ, ಸೀರೀಸ್ ಆದರೆ 8ರದಕ್ಕೆ.

ಈಗಿನ ಅನೇಕ ವೂಫರ್‌ಗಳಲ್ಲಿ ಎರಡು ಕಾಯಿಲ್, ನಾಲ್ಕು ಟರ್ಮಿನಲ್. ಎರಡೂ ಕಾಯಿಲ್ 4 ಓಮ್‌ನದಾಗಿರುವ ಅಂಥ ಎರಡು ವೂಫರ್ ನಿಮ್ಮಲ್ಲಿದ್ದರೆ, ಪ್ರತಿಯೊಂದರ ಕಾಯಿಲ್‌ಗಳನ್ನು ಗೇಣುದ್ದದ ವೈರಿನಿಂದ ಸೀರೀಸ್ ಮಾಡಿ 8ಕ್ಕೆ ತನ್ನಿ, ಬಳಿಕ ಎರಡು ವೂಫರ್‌ಗಳನ್ನು ಪ್ಯಾರಲಲ್ ಮಾಡಿ: 4 ಓಮ್. ನಾಲ್ಕೂ ಕಾಯಿಲ್ ಪ್ಯಾರಲಲ್ ಆದರೆ 1, ಎಲ್ಲವೂ ಸೀರೀಸ್ ಆದರೆ 16. ಈ ಜೋಡಿಯಲ್ಲಿ ಎಲ್ಲ ಕಾಯಿಲ್‌ಗೂ ಸಮನಾಗಿ ವ್ಯಾಟ್ ಹಂಚಿ 2 ಓಮ್ ಪಡೆಯಲು ದಾರಿಯೇ ಇಲ್ಲ! ನಿಮ್ಮ ಮೋನೋ (ಒಂದೇ ಚಾನೆಲ್ಲಿನ) ಆಂಪ್ 2 ಓಮ್‌ವರೆಗಷ್ಟೇ ತಾಳುವುದಾದರೆ ಕೊಳ್ಳುವಾಗಲೇ 2 ಓಮ್‌ನ ಜೋಡಿ ಕಾಯಿಲ್ ಇರುವುದನ್ನು ಕೇಳಿ. ಕಾಯಿಲ್‌ಗಳನ್ನು ಸೀರೀಸ್, ವೂಫರ್‌ಗಳನ್ನು ಪ್ಯಾರಲಲ್ ಮಾಡಿದರೆ ಸರಿಯಾಗಿ 2.

ನಾಲ್ಕು ಚಾನೆಲ್ಲಿನ ಕಾರ್ ಆಂಪ್ ಬಳಸುವವರು ಎಡವುವುದು ಬ್ರಿಡ್ಜ್‌ನಲ್ಲಿ. ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೆ ಕಾಣುವುದು ವೂಫರ್‌ನ ಓಮ್‌ನಲ್ಲಿ ಅರ್ಧ ಮಾತ್ರ. 2 ಓಮ್ ವೂಫರ್ ಕೊಟ್ಟರೆ ಒಂದೊಂದು ಚಾನೆಲ್‌ಗೂ ಅದು 1 ಓಮ್. ಹಾಗಾಗಿ ಒಂದೊಂದೇ ಕಾಯಿಲ್ಲಿನ 4 ಓಮ್ ವೂಫರ್ ಎರಡಿದ್ದರೆ, ಒಂದನ್ನು 1-2ರ ಬ್ರಿಡ್ಜ್‌ಗೆ, ಇನ್ನೊಂದನ್ನು 3-4ರ ಬ್ರಿಡ್ಜ್‌ಗೆ ಕೊಡುವುದೇ ಉತ್ತಮ.

1 ಓಮ್‌ನ ಆಸೆಗೆ ಬೀಳದಿರುವುದು ಒಳ್ಳೆಯದು. ವ್ಯಾಟ್ ಇಮ್ಮಡಿಯಾದರೂ ಹೆಚ್ಚುವ ಸದ್ದು 3 ಡೆಸಿಬಲ್ ಮಾತ್ರ. 400 ವ್ಯಾಟ್‌ಗೆ 4 ಓಮ್‌ನಲ್ಲಿ 10 ಆಂಪಿಯರ್ ಹರಿದರೆ 1 ಓಮ್‌ನಲ್ಲಿ 20. ವೈರಿನಲ್ಲಿ ಬಿಸಿಯಾಗಿ ಪೋಲಾಗುವುದು ನಾಲ್ಕು ಪಟ್ಟು.

ಸೆಲ್ ಪರೀಕ್ಷೆ

ಇದನ್ನು ಬಿಡಬೇಡಿ. ಒಂದು ಕಾಯಿಲ್‌ನ ಪ್ಲಸ್-ಮೈನಸ್ ಅದಲುಬದಲಾದರೂ ಮೀಟರ್ ಅದೇ ಓಮ್ ತೋರಿಸುತ್ತದೆ, ತಪ್ಪು ತಿಳಿಯುವುದೇ ಇಲ್ಲ. ಜೋಡಣೆ ಮುಗಿದ ಮೇಲೆ, ಆಂಪ್‌ಗೆ ಸೇರಿಸುವ ಮುನ್ನ, ವೈರಿನ ತುದಿಗೆ ಸೆಲ್ಲನ್ನು ಪ್ಲಸ್‌ಗೆ ಪ್ಲಸ್ ಹಿಡಿದು ಕ್ಷಣಮಾತ್ರ ತಾಗಿಸಿ. ಎರಡೂ ಕೋನ್ ಒಟ್ಟಿಗೆ ಹೊರಗೆ ಬರಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ಬೇಸ್ ಪರಸ್ಪರ ರದ್ದಾಗಿ ಸದ್ದು ಬರಿದಾಗುತ್ತದೆ. ಒಂದು ಕೋನ್ ಅಲುಗಾಡದಿದ್ದರೆ ಇನ್ನೂ ಅಪಾಯ: ಒಳಗಿನ ಎರಡು ಕಾಯಿಲ್ ಎದುರುಬದುರು ಎಳೆಯುತ್ತಿರಬಹುದು. ಸದ್ದು ಬರುತ್ತಿಲ್ಲವೆಂದು ವಾಲ್ಯೂಮ್ ಏರಿಸಿದರೆ ಕಾಯಿಲ್ ಸದ್ದಿಲ್ಲದೆ ಸುಡುತ್ತದೆ.

ಅದೇ ತುದಿಯಲ್ಲಿ ಕೊನೆಯ ಬಾರಿ ಓಮ್ ನೋಡಿ. 4 ಓಮ್ ಜೋಡಣೆಗೆ 3.5ರ ಆಸುಪಾಸು ಬರಬೇಕು. ಸೊನ್ನೆಗೆ ಹತ್ತಿರವಿದ್ದರೆ ಎಲ್ಲೋ ವೈರಿನ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದೆ. ಏನೂ ಬಾರದಿದ್ದರೆ ಜಾಯಿಂಟ್ ಸಡಿಲವಿದೆ.

ಗೇನ್ (ಆಂಪ್ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ತಿರುಪು) ಇಡುವಾಗ ವೂಫರ್ ಬಿಚ್ಚಿ, ಲೋ-ಪಾಸ್ (ತಗ್ಗಿನ ಸದ್ದನ್ನಷ್ಟೇ ಬಿಡುವ ಫಿಲ್ಟರ್) 80 ಹರ್ಟ್ಸ್‌ಗೆ, ಬೇಸ್ ಬೂಸ್ಟ್ ಸೊನ್ನೆಗೆ ಇಡಿ. 50 ಹರ್ಟ್ಸ್ ಟೋನ್ ಹಾಕಿ, ಗೇನ್ ನಿಧಾನವಾಗಿ ಏರಿಸುತ್ತ ಆಂಪ್‌ನ ಔಟ್‌ಪುಟ್‌ನಲ್ಲಿ ಎಸಿ ವೋಲ್ಟ್ ಅಳೆಯಿರಿ. 400 ವ್ಯಾಟ್‌ಗೆ 4 ಓಮ್‌ನಲ್ಲಿ 40 ವೋಲ್ಟ್, 2 ಓಮ್‌ನಲ್ಲಿ ಸುಮಾರು 28, ಅಲ್ಲಿಗೆ ನಿಲ್ಲಿಸಿ.

ಸಂಘದ ಗಣೇಶೋತ್ಸವಕ್ಕೆ ಬಾಡಿಗೆಗೆ ತರುವ 8 ಓಮ್ ಕ್ಯಾಬಿನೆಟ್‌ಗಳಿಗೂ ಲೆಕ್ಕ ಇದೇ. ಹಿಂಬದಿಯ ಲಿಂಕ್ ಸಾಕೆಟ್ ಪ್ಯಾರಲಲ್ ಆಗಿರುತ್ತದೆ: ಎರಡಕ್ಕೆ 4, ಮೂರಕ್ಕೆ 2.7, ನಾಲ್ಕಕ್ಕೆ 2. ಆಂಪ್‌ನ ಮಿತಿ 4 ಓಮ್ ಆಗಿದ್ದರೆ ಮೂರನೆಯದನ್ನು ಆ ಸಾಲಿಗೆ ಸೇರಿಸಬೇಡಿ.

ಮುಂಬಯಿಯ ಉಪ್ಪುಗಾಳಿಗೆ ಬರಿ ತಾಮ್ರ ಬೇಗ ಹಸಿರುಗಟ್ಟುತ್ತದೆ. ವೈರಿನ ತುದಿಗೆ ಸೋಲ್ಡರ್ ಹಚ್ಚಿ ಅಥವಾ ಲಗ್ ಒತ್ತಿ, ಮಳೆಗಾಲ ಕಳೆದ ಮೇಲೆ ಪ್ರತಿ ಸ್ಕ್ರೂವನ್ನೂ ಒಮ್ಮೆ ಬಿಗಿ ಮಾಡಿ.