ಬೇಸ್ ಗಿಟಾರಿಗೆ ಒಂದು ತುಂಡು ಸ್ಪಂಜು

ಡ್ರಮ್ಸ್ ಜೊತೆ ನುಡಿಸುವಾಗ ನಿಮ್ಮ ಬೇಸ್ ಗುಂಯ್ ಅಂತ ಎಳೆದು ಸ್ವರಗಳು ಕಲಸಿಹೋಗ್ತಿದ್ರೆ, ಹೊಸ ಪೆಡಲ್ ಕೊಳ್ಳುವ ಮೊದಲು ಬ್ರಿಡ್ಜಿಗೆ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಒತ್ತಿದ ಹಾಗೆ ತಂತಿಗಳ ಕೆಳಗೆ ಸ್ಪಂಜು ತುರುಕಿ ನೋಡಿ. ಪಾತ್ರೆ ತೊಳೆಯೋ ಹೊಸ ಸ್ಪಂಜೇ ಸಾಕು. ಹಸಿರು ಪದರ ಕಿತ್ತುಹಾಕಿ, 8 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ ಕತ್ತರಿಸಿ, ದಪ್ಪ ಮಾತ್ರ ತಂತಿಗೂ ಬಾಡಿಗೂ ನಡುವಿನ ಸಂದಿಗಿಂತ 2-3 ಮಿ.ಮೀ. ಹೆಚ್ಚಿರಲಿ. ಮೂಲ ಸ್ವರದ ಜೊತೆ ಮೊಳಗುವ ಮೇಲಿನ ನಾದಗಳನ್ನು, ಅಂದ್ರೆ ಹಾರ್ಮೋನಿಕ್‌ಗಳನ್ನು, ಸ್ಪಂಜು ಬೇಗ ನುಂಗುತ್ತೆ, ಸ್ವರದ ಬಾಲವನ್ನೂ ಕತ್ತರಿಸುತ್ತೆ. ಹಾಗಾಗಿ ಕಿಕ್ ಡ್ರಮ್ಮಿಗೆ ಜಾಗ ಸಿಗುತ್ತೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲೂ ಬ್ರಿಡ್ಜ್ ಕವರ್ ಒಳಗೆ ಇದ್ದದ್ದು ಇಂಥದ್ದೇ ಫೋಮ್. ಸ್ಪಂಜು ತೀರಾ ದಪ್ಪವಾದ್ರೆ ತಂತಿಯನ್ನು ಮೇಲಕ್ಕೆ ತಳ್ಳಿ ಶ್ರುತಿ ಕೆಡಿಸುತ್ತೆ, ಆದ್ದರಿಂದ ಹಾಕಿದ ಮೇಲೆ 12ನೇ ಫ್ರೆಟ್ಟನ್ನೂ ಟ್ಯೂನರ್‌ನಲ್ಲಿ ನೋಡಿ. ಸ್ಪಂಜನ್ನು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಕಡೆ ಸರಿಸಿದಷ್ಟೂ ಸ್ವರ ಸಾಯುತ್ತೆ. ಹೆಬ್ಬೆರಳಿಂದ ತಂತಿಗೆ ಹೊಡೆದು ನುಡಿಸೋ ಸ್ಲ್ಯಾಪ್‌ಗೆ, ಎಳೆದು ನಿಲ್ಲಿಸಬೇಕಾದ ನಿಧಾನದ ಹಾಡಿಗೆ ಇದು ಆಗಿಬರಲ್ಲ; 5 ತಂತಿಯ ಬೇಸ್‌ನಲ್ಲಿ ಕೆಳಗಿನ ಬಿ ಬರೀ ದಬ್ ಅನ್ನುತ್ತೆ, ಆ ತಂತಿಯ ಕೆಳಗೆ ಬರುವ ಸ್ಪಂಜಿನ ಭಾಗವನ್ನು ಸ್ವಲ್ಪ ತೆಳುವಾಗಿ ಕೊಯ್ಯಿರಿ. ಒದ್ದೆ ಸ್ಪಂಜು ಬೇಡ, ತಂತಿ ತುಕ್ಕು ಹಿಡಿಯುತ್ತೆ.