ಮೆಟ್ರೋ ಕಾರ್ಡ್ ಬಳಸುವುದು ಹೇಗೆ: ಖರೀದಿಯಿಂದ ಗೇಟು ದಾಟುವವರೆಗೆ

ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಪದೇ ಪದೇ ಎದುರಾಗುವ ತೊಡಕೊಂದಿದೆ. ಪ್ರಯಾಣಿಕರು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಕಾರ್ಡಿಗೆ ಹಣ ಹಾಕಿರುತ್ತಾರೆ, ಖಾತೆಯಿಂದ ಹಣ ಕಡಿತವಾದ ಸಂದೇಶವೂ ಬಂದಿರುತ್ತದೆ. ಆದರೂ ಗೇಟಿನ ಮುಂದೆ ಕಾರ್ಡ್ ಹಿಡಿದರೆ ಬಾಗಿಲು ತೆರೆಯುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆ, ಪ್ರಯಾಣಿಕರು ಕಾರ್ಡೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಬಹಳಷ್ಟು ಸಲ ಕಾರ್ಡ್ ಸರಿಯಾಗಿಯೇ ಇರುತ್ತದೆ. ಹಾಕಿದ ಹಣ ಇನ್ನೂ ಕಾರ್ಡಿನೊಳಕ್ಕೆ ಇಳಿದಿರುವುದಿಲ್ಲ, ಅಷ್ಟೆ.

ಪ್ರಿಪೇಯ್ಡ್ ಸಂಚಾರ ಕಾರ್ಡಿನಲ್ಲಿ, ಗೇಟು ಲೆಕ್ಕಕ್ಕೆ ತೆಗೆದುಕೊಳ್ಳುವ ಹಣ ಇರುವುದು ಕಾರ್ಡಿನೊಳಗಿನ ಚಿಪ್‌ನಲ್ಲಿ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಾರ್ಡ್ ಕೊಳ್ಳುವುದು, ಹಣ ತುಂಬುವುದು, ಗೇಟು ದಾಟುವುದು, ಕಳೆದುಹೋದಾಗ ಏನು ಮಾಡಬೇಕೆಂಬುದು, ಎಲ್ಲವೂ ತಾನಾಗಿ ಅರ್ಥವಾಗುತ್ತದೆ. ಸಾವಿರಾರು ಜನ ಒಂದೇ ಹೊತ್ತಿಗೆ ಹಾದುಹೋಗುವ ಗೇಟು ಪ್ರತಿಯೊಬ್ಬರ ಖಾತೆಯನ್ನೂ ದೂರದ ಸರ್ವರ್‌ನಲ್ಲಿ ಪರಿಶೀಲಿಸುತ್ತಾ ಕುಳಿತರೆ ಸಾಲು ರಸ್ತೆಗೆ ಬಂದು ನಿಲ್ಲುತ್ತದೆ. ಆದ್ದರಿಂದ ಗೇಟು ಇಂಟರ್ನೆಟ್ಟಿನ ಗೊಡವೆಗೆ ಹೋಗದೆ, ಚಿಪ್‌ನಲ್ಲಿ ಬರೆದಿರುವ ಮೊತ್ತವನ್ನು ಓದಿ, ಅಲ್ಲಿಯೇ ಕಳೆದು, ಹೊಸ ಮೊತ್ತವನ್ನು ಅಲ್ಲಿಯೇ ಬರೆದುಬಿಡುತ್ತದೆ. ಕಾರ್ಡಿನಲ್ಲಿ ಬ್ಯಾಟರಿಯೂ ಇರುವುದಿಲ್ಲ. ಗೇಟಿನ ರೀಡರ್ ಹೊಮ್ಮಿಸುವ ರೇಡಿಯೊ ಅಲೆಯಿಂದಲೇ ಕಾರ್ಡಿನೊಳಗೆ ಸುತ್ತಿರುವ ತೆಳುವಾದ ತಂತಿಯಲ್ಲಿ ವಿದ್ಯುತ್ ಹುಟ್ಟಿ, ಚಿಪ್ ಎಚ್ಚೆತ್ತು, ಕ್ಷಣಾರ್ಧದಲ್ಲಿ ವ್ಯವಹಾರ ಮುಗಿಯುತ್ತದೆ.

ಯಾವ ಕಾರ್ಡ್ ಕೊಳ್ಳಬೇಕು?

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ನಮ್ಮ ಮೆಟ್ರೋ ಮೊದಲ ಬಾರಿಗೆ ಓಡಿದ ಕಾಲದಿಂದಲೂ ಬೆಂಗಳೂರು ಮೆಟ್ರೋ ರೈಲು ನಿಗಮದ ಸ್ವಂತ ಸ್ಮಾರ್ಟ್ ಕಾರ್ಡ್ ಬಳಕೆಯಲ್ಲಿದೆ. ಇದು ನಮ್ಮ ಮೆಟ್ರೋದಲ್ಲಿ ಮಾತ್ರ ನಡೆಯುತ್ತದೆ. 2023ರ ಮಾರ್ಚ್ ಕೊನೆಯಲ್ಲಿ, ಕೆ.ಆರ್. ಪುರ–ವೈಟ್‌ಫೀಲ್ಡ್ ಮಾರ್ಗ ಆರಂಭವಾದ ದಿನಗಳಲ್ಲಿ, ಇನ್ನೊಂದು ಕಾರ್ಡ್ ಇಲ್ಲಿಗೆ ಬಂತು. ಅದೇ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್. ಜನರ ಬಾಯಲ್ಲಿ ಎನ್‌ಸಿಎಂಸಿ. ದೇಶದ ಯಾವ ನಗರದ ಮೆಟ್ರೋ ಅಥವಾ ಬಸ್ಸಿಗಾದರೂ ಒಂದೇ ಕಾರ್ಡ್ ಸಾಕಾಗಬೇಕು ಎಂಬ ಉದ್ದೇಶದಿಂದ, ರುಪೇ ವ್ಯವಸ್ಥೆಯ ಮೇಲೆ ರೂಪಿಸಿದ ಈ ಕಾರ್ಡನ್ನು ಪ್ರಧಾನಿ ನರೇಂದ್ರ ಮೋದಿ ಅವರು 2019ರ ಮಾರ್ಚ್ 4ರಂದು ಅಹಮದಾಬಾದಿನಲ್ಲಿ ಬಿಡುಗಡೆ ಮಾಡಿದ್ದರು.

ಬೆಂಗಳೂರು ಬಿಟ್ಟು ಹೊರಗೆ ಓಡಾಡದವರಿಗೆ, ಅದರಲ್ಲೂ ಹಿರಿಯರಿಗೆ, ನಿಗಮದ ಹಳೆಯ ಬಗೆಯ ಕಾರ್ಡ್ ಸರಳ. ಕೆಲಸದ ನಿಮಿತ್ತ ಚೆನ್ನೈ, ಮುಂಬೈ, ದೆಹಲಿಗಳಿಗೆ ಹೋಗಿಬರುವವರು ಎನ್‌ಸಿಎಂಸಿ ಕೊಳ್ಳುವುದೇ ಸರಿ. ಚೆನ್ನೈ ಮೆಟ್ರೋ ತನ್ನ ಸ್ವಂತ ಕಾರ್ಡನ್ನು 2025ರ ಆಗಸ್ಟ್ 1ರಿಂದ ಕೈಬಿಟ್ಟು, ಎನ್‌ಸಿಎಂಸಿ ಮಾದರಿಯ ‘ಸಿಂಗಾರ ಚೆನ್ನೈ’ ಕಾರ್ಡಿಗೆ ಹೊರಳಿಕೊಂಡಿದೆ. ನಗರಗಳು ಯಾವ ದಿಕ್ಕಿಗೆ ಸಾಗುತ್ತಿವೆ ಎಂಬುದಕ್ಕೆ ಇದು ಸೂಚನೆಯೆಂದು ಭಾವಿಸಬಹುದು.

ಕೊಳ್ಳುವ ಮುನ್ನ ನಿಮ್ಮ ಬಳಿ ಈಗಾಗಲೇ ಇರುವ ರುಪೇ ಡೆಬಿಟ್ ಕಾರ್ಡನ್ನೊಮ್ಮೆ ತಿರುಗಿಸಿ ನೋಡಿ. ಹಲವು ಬ್ಯಾಂಕುಗಳು ಎನ್‌ಸಿಎಂಸಿ ಸೌಲಭ್ಯವನ್ನು ಡೆಬಿಟ್ ಕಾರ್ಡಿನಲ್ಲಿಯೇ ಸೇರಿಸಿ ಕೊಡುತ್ತಿವೆ; ಆ ಗುರುತು ಕಾರ್ಡಿನ ಮೇಲೆ ಮುದ್ರಿತವಾಗಿರುತ್ತದೆ. ಹಾಗಿದ್ದರೆ ಬೇರೆ ಕಾರ್ಡ್ ಕೊಳ್ಳುವ ಅಗತ್ಯವಿಲ್ಲ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಖಾತೆಯಲ್ಲಿ ಹಣವಿದ್ದರೆ ಗೇಟಿನಲ್ಲಿ ಅದು ನೇರವಾಗಿ ಕಡಿತವಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗಾಗುವುದಿಲ್ಲ. ಖಾತೆಯಿಂದ ಒಂದಿಷ್ಟು ಹಣವನ್ನು ಚಿಪ್‌ನಲ್ಲಿರುವ ಆಫ್‌ಲೈನ್ ವ್ಯಾಲೆಟ್ಟಿಗೆ ಮೊದಲೇ ವರ್ಗಾಯಿಸಿಕೊಂಡಿರಬೇಕು. ಆ ವ್ಯಾಲೆಟ್ ಬರಿದಾಗಿದ್ದರೆ, ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದರೂ ಗೇಟಿಗೆ ಅದು ಕಾಣುವುದಿಲ್ಲ.

ಹೊಸ ಕಾರ್ಡ್ ಬೇಕೆನ್ನುವವರು ನಿಲ್ದಾಣದ ಟಿಕೆಟ್ ಕೌಂಟರ್ ಅಥವಾ ಗ್ರಾಹಕ ಸೇವಾ ಕೇಂದ್ರದಲ್ಲಿ ಕೇಳಬೇಕು. ಕಾರ್ಡಿನ ಬೆಲೆ 50 ರೂಪಾಯಿ. ಇದು ಮರಳಿ ಬರುವುದಿಲ್ಲ ಮತ್ತು ಪ್ರಯಾಣಕ್ಕೆ ಲೆಕ್ಕವಾಗುವುದಿಲ್ಲ. ಎನ್‌ಸಿಎಂಸಿ ಪಡೆಯುವಾಗ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಕೇಳಬಹುದು.

ಹಣ ತುಂಬುವುದು: ಎರಡು ಹಂತಗಳ ಕೆಲಸ

ಅತ್ಯಂತ ನಿಶ್ಚಿಂತೆಯ ದಾರಿ ಕೌಂಟರ್. ಅಲ್ಲಿ ಹಣ ಕೊಟ್ಟು ಕಾರ್ಡನ್ನು ಮುಂದಿಟ್ಟರೆ ಸಿಬ್ಬಂದಿ ಅದನ್ನು ಯಂತ್ರದ ಮೇಲಿಟ್ಟು ಮೊತ್ತವನ್ನು ನೇರವಾಗಿ ಚಿಪ್‌ಗೆ ಬರೆಯುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದವರು, ಮೊಬೈಲ್ ಪಾವತಿಯ ರೂಢಿ ಇಲ್ಲದವರು ಯಾವ ಸಂಕೋಚವೂ ಇಲ್ಲದೆ ಈ ದಾರಿಯನ್ನೇ ಹಿಡಿಯಬೇಕು. ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ದೂರದಿಂದ ಬರುವ ಅದೆಷ್ಟೋ ಮಂದಿಗೆ ಕೌಂಟರೇ ಆಧಾರ. ಎಲ್ಲವನ್ನೂ ಆ್ಯಪ್‌ಗೆ ಒಪ್ಪಿಸುವ ಉತ್ಸಾಹದಲ್ಲಿ ಆ ಕಿಂಡಿಗಳನ್ನು ಮುಚ್ಚಬಾರದು ಎಂಬುದು ಈ ಲೇಖಕರ ದೃಢವಾದ ಅಭಿಪ್ರಾಯ. ಹಣ ಕೊಟ್ಟ ಮೇಲೆ ರಸೀದಿ ಪಡೆದು, ಅದರಲ್ಲಿರುವ ಹೊಸ ಬಾಕಿಯನ್ನು ಓದಿಕೊಂಡೇ ಅಲ್ಲಿಂದ ಹೊರಡಿ.

ಮೊಬೈಲಿನಿಂದ ತುಂಬುವವರು ಎರಡು ಹಂತಗಳನ್ನು ದಾಟಬೇಕು. ಮೊದಲನೆಯದು ಪಾವತಿ. ನಿಗಮದ ಸ್ವಂತ ಕಾರ್ಡಿಗೆ ನಮ್ಮ ಮೆಟ್ರೋ ಆ್ಯಪ್ ಅಥವಾ ನಿಗಮದ ಜಾಲತಾಣದಲ್ಲಿ, ಎನ್‌ಸಿಎಂಸಿಗೆ ಅದನ್ನು ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ, ಕಾರ್ಡಿನ ಸಂಖ್ಯೆಯನ್ನು ಒಂದೊಂದೇ ಅಂಕಿ ತಾಳೆ ನೋಡಿ ನಮೂದಿಸಬೇಕು. ಒಂದು ಅಂಕಿ ತಪ್ಪಿದರೆ ಹಣ ಬೇರೆಯವರ ಕಾರ್ಡಿಗೆ ಹೋಗಬಹುದು. ಈ ಹಂತ ಮುಗಿದಾಗ ಹಣ ಕಾರ್ಡಿನ ಹೆಸರಿನಲ್ಲಿ ವ್ಯವಸ್ಥೆಯ ಕಂಪ್ಯೂಟರಿನಲ್ಲಿ ಕಾದಿರುತ್ತದೆ, ಕಾರ್ಡಿನೊಳಗೆ ಇರುವುದಿಲ್ಲ.

ಎರಡನೆಯ ಹಂತ, ಅಂದರೆ ಕಾದಿರುವ ಹಣವನ್ನು ಕಾರ್ಡಿಗೆ ಇಳಿಸುವುದು, ನಿಲ್ದಾಣದಲ್ಲಿಯೇ ಆಗಬೇಕು. ಅಲ್ಲಿನ ಟಾಪ್‌ಅಪ್ ಯಂತ್ರಕ್ಕೆ ಕಾರ್ಡ್ ತೋರಿಸಿದರೆ, ಅಥವಾ ಕೌಂಟರಿನಲ್ಲಿ ಕೊಟ್ಟು ‘ಆನ್‌ಲೈನ್‌ನಲ್ಲಿ ಹಾಕಿದ ಹಣವನ್ನು ಅಪ್‌ಡೇಟ್ ಮಾಡಿಕೊಡಿ’ ಎಂದರೆ ಕೆಲಸ ಮುಗಿಯುತ್ತದೆ. ಪಾವತಿಯ ಮಾಹಿತಿ ನಿಲ್ದಾಣದ ಯಂತ್ರಗಳನ್ನು ತಲುಪಲು ತುಸು ಸಮಯ ಹಿಡಿಯುವುದರಿಂದ, ರೈಲು ಹತ್ತುವ ಐದು ನಿಮಿಷ ಮುಂಚೆ ಮೆಟ್ಟಿಲೇರುತ್ತಾ ರೀಚಾರ್ಜ್ ಮಾಡುವ ಅಭ್ಯಾಸ ಒಳ್ಳೆಯದಲ್ಲ. ಹಿಂದಿನ ದಿನ ಮನೆಗೆ ಮರಳುವಾಗಲೇ ಮಾಡಿಟ್ಟುಕೊಂಡರೆ ಬೆಳಗಿನ ಧಾವಂತ ತಪ್ಪುತ್ತದೆ. ಹಾಗೆಂದು ಹಣ ಹಾಕಿ ವಾರಗಟ್ಟಲೆ ಅಪ್‌ಡೇಟ್ ಮಾಡದೆ ಬಿಡುವುದೂ ಸರಿಯಲ್ಲ.

ಈ ಎರಡನೆಯ ಹಂತದ ಅರಿವು ವಿಶೇಷವಾಗಿ ಬೇಕಾಗಿರುವುದು ಬೇರೆಯವರ ಕಾರ್ಡಿಗೆ ಹಣ ಹಾಕುವವರಿಗೆ. ಮಗಳು ಅಮೆರಿಕದಲ್ಲಿ ಕುಳಿತು ಜಯನಗರದಲ್ಲಿರುವ ತಂದೆಯ ಕಾರ್ಡಿಗೆ ರೀಚಾರ್ಜ್ ಮಾಡಬಹುದು, ಆದರೆ ಆ ಹಣ ಚಿಪ್‌ಗೆ ಇಳಿಯಬೇಕಾದರೆ ತಂದೆಯೇ ನಿಲ್ದಾಣದಲ್ಲಿ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ‘ಅಪ್ಪಾ, ದುಡ್ಡು ಹಾಕಿದ್ದೀನಿ’ ಎಂದು ಹೇಳಿದರೆ ಸಾಲದು. ‘ಒಳಗೆ ಹೋಗುವ ಮುಂಚೆ ಕೌಂಟರಿನಲ್ಲಿ ಅಪ್‌ಡೇಟ್ ಮಾಡಿಸಿಕೊಳ್ಳಿ’ ಎಂಬ ಮಾತನ್ನೂ ಸೇರಿಸಬೇಕು.

ಎಷ್ಟು ಹಣ ಇಟ್ಟುಕೊಳ್ಳಬೇಕು? 2025ರ ಫೆಬ್ರವರಿ 9ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ ಕನಿಷ್ಠ ಪ್ರಯಾಣ ದರ 10 ರೂಪಾಯಿ, ಗರಿಷ್ಠ 90 ರೂಪಾಯಿ. ನೀವು ಎಲ್ಲಿ ಇಳಿಯುತ್ತೀರಿ ಎಂಬುದು ಒಳಬರುವಾಗ ಗೇಟಿಗೆ ತಿಳಿಯುವುದಿಲ್ಲವಾದ್ದರಿಂದ, ಅತಿ ದೂರದ ಪ್ರಯಾಣಕ್ಕೂ ಸಾಲುವಷ್ಟು ಹಣ ಕಾರ್ಡಿನಲ್ಲಿದೆಯೇ ಎಂದು ಅದು ನೋಡುತ್ತದೆ. ಹೀಗಾಗಿಯೇ ಆ ಪರಿಷ್ಕರಣೆಯೊಂದಿಗೆ ಕಾರ್ಡಿನಲ್ಲಿರಬೇಕಾದ ಕನಿಷ್ಠ ಮೊತ್ತವೂ 50ರಿಂದ 90 ರೂಪಾಯಿಗೆ ಏರಿತು. ಎರಡು ನಿಲ್ದಾಣಗಳಾಚೆ ಇಳಿಯುವವರ ಕಾರ್ಡಿನಲ್ಲಿ 60 ರೂಪಾಯಿ ಇದ್ದೂ ಗೇಟು ತೆರೆಯದಿರುವುದಕ್ಕೆ ಇದೇ ಕಾರಣ. ಕಡಿಮೆ ಆದಾಯದವರಿಗೆ 90 ರೂಪಾಯಿಯನ್ನು ಸದಾ ಕಾರ್ಡಿನಲ್ಲಿ ಕಟ್ಟಿಹಾಕಿರುವುದು ಹೊರೆಯೇ ಸರಿ. ಹತ್ತಿರದ ಪ್ರಯಾಣವಷ್ಟೇ ಇರುವ ದಿನ ಅಂಥವರು ಟೋಕನ್ ಅಥವಾ ಕ್ಯೂಆರ್ ಟಿಕೆಟ್ ಪಡೆಯುವುದು ವಾಸಿ. ಇನ್ನು ಮೇಲಿನ ಮಿತಿಯ ಮಾತು: ಎನ್‌ಸಿಎಂಸಿಯ ಆಫ್‌ಲೈನ್ ವ್ಯಾಲೆಟ್ಟಿನಲ್ಲಿ ಒಮ್ಮೆಗೆ 2000 ರೂಪಾಯಿಗಿಂತ ಹೆಚ್ಚು ಇಡಲಾಗದು.

ಗೇಟಿನಲ್ಲಿ

ಹಸಿರು ಬಾಣದ ಗುರುತಿರುವ ಗೇಟನ್ನು ಆರಿಸಿಕೊಂಡು, ನಿಮ್ಮ ಬಲಗಡೆಯಿರುವ ರೀಡರ್ ಮೇಲೆ ಕಾರ್ಡನ್ನು ಒಂದು ಕ್ಷಣ ನಿಶ್ಚಲವಾಗಿ ಹಿಡಿಯಿರಿ. ಉಜ್ಜುವುದು, ಬೀಸುವುದು ಬೇಡ. ಚಿಪ್ ಮತ್ತು ರೀಡರ್ ನಡುವಿನ ಬರಹ ಮುಗಿಯುವ ಮುನ್ನವೇ ಕೈ ಸರಿದರೆ ವ್ಯವಹಾರ ಅರ್ಧಕ್ಕೆ ನಿಲ್ಲುತ್ತದೆ. ಪರ್ಸಿನಲ್ಲಿ ಡೆಬಿಟ್ ಕಾರ್ಡ್, ಕಚೇರಿಯ ಹಾಜರಿ ಕಾರ್ಡ್, ಮೆಟ್ರೋ ಕಾರ್ಡ್ ಒಟ್ಟಿಗಿದ್ದರೆ ಎಲ್ಲವೂ ಏಕಕಾಲಕ್ಕೆ ಉತ್ತರಿಸಲು ಹೊರಟು ರೀಡರ್ ಗೊಂದಲಕ್ಕೀಡಾಗುತ್ತದೆ. ಆದ್ದರಿಂದ ಮೆಟ್ರೋ ಕಾರ್ಡನ್ನು ಹೊರತೆಗೆದೇ ತೋರಿಸಿ. ಗೇಟಿನ ಪುಟ್ಟ ಪರದೆಯ ಮೇಲೆ ಮೂಡುವ ಬಾಕಿ ಮೊತ್ತವನ್ನು ಪ್ರತಿ ಸಲವೂ ಗಮನಿಸುವ ರೂಢಿ ಮಾಡಿಕೊಂಡರೆ, ಹಣ ಮುಗಿಯುತ್ತಿರುವುದು ಮೊದಲೇ ತಿಳಿಯುತ್ತದೆ.

ಒಬ್ಬರಿಗೆ ಒಂದು ಕಾರ್ಡ್. ಗಂಡ ಒಳಹೋಗಿ ಅದೇ ಕಾರ್ಡನ್ನು ಹಿಂದೆ ನಿಂತ ಹೆಂಡತಿಗೆ ಕೊಟ್ಟರೆ ನಡೆಯುವುದಿಲ್ಲ, ಏಕೆಂದರೆ ‘ಒಳಗಿದೆ’ ಎಂಬ ಗುರುತು ಆಗಲೇ ಚಿಪ್‌ನಲ್ಲಿ ಬಿದ್ದಿರುತ್ತದೆ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸಿರುವ ಶಕ್ತಿ ಯೋಜನೆ ಮೆಟ್ರೋಗೆ ಅನ್ವಯಿಸುವುದಿಲ್ಲ.

ಮಾರ್ಗ ಬದಲಿಸುವಾಗ, ಉದಾಹರಣೆಗೆ ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಮಾರ್ಗಕ್ಕೆ, ಅಥವಾ ಆರ್.ವಿ. ರಸ್ತೆಯಲ್ಲಿ ಹಸಿರಿನಿಂದ 2025ರ ಆಗಸ್ಟ್‌ನಲ್ಲಿ ಆರಂಭವಾದ ಬೊಮ್ಮಸಂದ್ರದ ಹಳದಿ ಮಾರ್ಗಕ್ಕೆ ಹೋಗುವಾಗ, ಕಾರ್ಡನ್ನು ಎಲ್ಲಿಯೂ ತೋರಿಸಬೇಕಾಗಿಲ್ಲ. ಫಲಕಗಳನ್ನು ಅನುಸರಿಸಿ ಒಳಗಿಂದೊಳಗೇ ನಡೆಯಬೇಕು. ಅಪ್ಪಿತಪ್ಪಿ ಹೊರಹೋಗುವ ಗೇಟು ದಾಟಿದರೆ ಅಲ್ಲಿಗೆ ಒಂದು ಪ್ರಯಾಣ ಮುಗಿದು, ಮತ್ತೆ ಒಳಬಂದಾಗ ಹೊಸ ಪ್ರಯಾಣದ ಲೆಕ್ಕ ಶುರುವಾಗುತ್ತದೆ.

ಇಳಿದ ನಿಲ್ದಾಣದಲ್ಲಿ ಮತ್ತೊಮ್ಮೆ ಕಾರ್ಡ್ ತೋರಿಸಿದಾಗಲೇ ಹಣ ಕಡಿತವಾಗುವುದು. ನೂಕುನುಗ್ಗಲಿನಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೊರಬಂದರೆ ದುಡ್ಡು ಉಳಿಯಿತೆಂದು ತಿಳಿಯಬಾರದು. ಕಾರ್ಡ್ ಇನ್ನೂ ನಿಲ್ದಾಣದ ಒಳಗೇ ಇದೆಯೆಂದು ಚಿಪ್‌ನಲ್ಲಿ ಉಳಿದುಬಿಡುತ್ತದೆ ಮತ್ತು ಮುಂದಿನ ಸಲ ಪ್ರವೇಶ ಸಿಗುವುದಿಲ್ಲ. ಹಾಗಾದಾಗ ಗೇಟಿನ ಪಕ್ಕದ ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ ಇಳಿದ ನಿಲ್ದಾಣವನ್ನು ಹೇಳಿದರೆ ಸಿಬ್ಬಂದಿ ಬಾಕಿ ದರ ಕಡಿದು ಸರಿಪಡಿಸುತ್ತಾರೆ. ಟಿಕೆಟ್ ವಲಯದೊಳಗೆ ನಿಗದಿತ ಅವಧಿಗಿಂತ ಹೆಚ್ಚು ಹೊತ್ತು ಉಳಿದರೂ ಹೆಚ್ಚುವರಿ ಶುಲ್ಕ ಬೀಳುತ್ತದೆ ಎಂಬುದು ಸ್ನೇಹಿತರಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕಾಯುವವರ ಗಮನದಲ್ಲಿರಲಿ.

ರಿಯಾಯಿತಿಯ ಲೆಕ್ಕ

ಮೊದಲಿಗೆ ಕಾರ್ಡಿನ ಮೇಲೆ ಶೇ 15ರಷ್ಟು ರಿಯಾಯಿತಿ ಇತ್ತು. 2020ರಲ್ಲಿ ಅದನ್ನು ಶೇ 5ಕ್ಕೆ ಇಳಿಸಲಾಯಿತು. 2025ರ ಪರಿಷ್ಕರಣೆಯ ನಂತರ ದಟ್ಟಣೆಯ ಹೊತ್ತಿನಲ್ಲಿ ಶೇ 5, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಶೇ 10, ಹಾಗೂ ಭಾನುವಾರಗಳು ಮತ್ತು ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರ ರಾಷ್ಟ್ರೀಯ ರಜೆಗಳಂದು ದಿನವಿಡೀ ಶೇ 10 ಎಂದಾಯಿತು. ಬೆಳಿಗ್ಗೆ 8ಕ್ಕೆ ಮೊದಲು, ಮಧ್ಯಾಹ್ನ 12ರಿಂದ 4ರವರೆಗೆ ಮತ್ತು ರಾತ್ರಿ 9ರ ನಂತರದ ಅವಧಿಯನ್ನು ದಟ್ಟಣೆಯಿಲ್ಲದ ಹೊತ್ತು ಎಂದು ಪರಿಗಣಿಸಲಾಗಿದೆ. 60 ರೂಪಾಯಿ ದರದ ದೂರಕ್ಕೆ ದಿನಕ್ಕೆರಡು ಬಾರಿ, ತಿಂಗಳಲ್ಲಿ 25 ದಿನ ಓಡಾಡುವವರಿಗೆ ಶೇ 5ರ ಲೆಕ್ಕದಲ್ಲಿ 150 ರೂಪಾಯಿ ಉಳಿಯುತ್ತದೆ. ಕಾರ್ಡಿನ 50 ರೂಪಾಯಿ ಬೆಲೆ ಹದಿನೇಳನೆಯ ಪ್ರಯಾಣಕ್ಕೇ ಹಿಂದಿರುಗುತ್ತದೆ. ಕಚೇರಿಯ ವೇಳೆಯಲ್ಲಿ ತುಸು ಸಡಿಲಿಕೆ ಇರುವವರು ಎಂಟಕ್ಕೆ ಮೊದಲೇ ಹೊರಟರೆ ಆ ಪ್ರಯಾಣದ ಉಳಿತಾಯ ಇಮ್ಮಡಿ, ರೈಲಿನಲ್ಲಿ ಕೂರಲು ಜಾಗ ಸಿಗುವ ಸಂಭವವೂ ಹೆಚ್ಚು.

ಕಾರ್ಡ್ ಕಳೆದರೆ, ಊರು ಬಿಟ್ಟರೆ

ಎನ್‌ಸಿಎಂಸಿ ಕಳೆದುಹೋದ ಕೂಡಲೇ ಬ್ಯಾಂಕಿಗೆ ತಿಳಿಸಿ ಕಾರ್ಡನ್ನು ತಡೆಹಿಡಿಸಬೇಕು. ಇದರಿಂದ ಆನ್‌ಲೈನ್ ಭಾಗದಲ್ಲಿರುವ ಹಣ ಅಥವಾ ಅದಕ್ಕೆ ಜೋಡಿಸಿದ ಖಾತೆ ಸುರಕ್ಷಿತವಾಗುತ್ತದೆ. ಚಿಪ್‌ನೊಳಗಿನ ಹಣದ ಮಾತು ಬೇರೆ. ಪಿನ್ ಕೇಳದೆ, ಸರ್ವರನ್ನು ವಿಚಾರಿಸದೆ ಗೇಟು ಅದನ್ನು ಸ್ವೀಕರಿಸುವುದರಿಂದ, ಅದು ಜೇಬಿನಿಂದ ಬಿದ್ದ ನೋಟಿನಂತೆ, ಸಿಕ್ಕವರ ಪಾಲಾಗಬಹುದು. ಈ ಕಾರಣಕ್ಕಾಗಿಯೇ ಮಿತಿಯಿದೆಯೆಂದು 2000 ರೂಪಾಯಿ ತುಂಬಿಸಿಡುವುದಕ್ಕಿಂತ, ಒಂದು ವಾರ ಅಥವಾ ಹದಿನೈದು ದಿನದ ಓಡಾಟಕ್ಕೆ ಬೇಕಾದಷ್ಟು ಮಾತ್ರ ಹಾಕಿಕೊಳ್ಳುವುದು ವಿವೇಕ. ಕಾರ್ಡಿನ ಸಂಖ್ಯೆಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ. ಹಣ ಕಡಿತವಾಗಿಯೂ ಕಾರ್ಡಿಗೆ ಬಾರದಿದ್ದಾಗ ದೂರು ಕೊಡಲು ಆ ಸಂಖ್ಯೆ, ಪಾವತಿಯ ದಿನಾಂಕ ಮತ್ತು ವ್ಯವಹಾರದ ಉಲ್ಲೇಖ ಸಂಖ್ಯೆ, ಮೂರೂ ಬೇಕಾಗುತ್ತವೆ.

ಕಾರ್ಡನ್ನು ಬಗ್ಗಿಸುವುದು, ತೂತು ಕೊರೆದು ಕೀಲಿ ಗೊಂಚಲಿಗೆ ಸಿಕ್ಕಿಸುವುದು ಬೇಡ. ಅಂಚಿನ ಸುತ್ತ ಓಡುವ ತಂತಿ ತುಂಡಾದರೆ ಚಿಪ್‌ಗೆ ವಿದ್ಯುತ್ ತಲುಪುವುದಿಲ್ಲ.

ಸಾರ್ವಜನಿಕ ಸಾರಿಗೆಗೆಂದೇ ಗುರುತಿನ ದಾಖಲೆ ಪಡೆಯದೆ ಕೊಡುವ ಪ್ರಿಪೇಯ್ಡ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕ್ 2024ರ ಫೆಬ್ರವರಿಯಲ್ಲಿ ಅನುಮತಿ ನೀಡಿದಾಗ, ಅವುಗಳಲ್ಲಿ ಯಾವುದೇ ಸಮಯದಲ್ಲಿ 3000 ರೂಪಾಯಿಗಿಂತ ಹೆಚ್ಚು ಇರಬಾರದು, ಅದರ ಹಣವನ್ನು ನಗದಾಗಿ ತೆಗೆಯಲಾಗಲಿ ಬೇರೆಯವರಿಗೆ ವರ್ಗಾಯಿಸಲಾಗಲಿ ಅವಕಾಶವಿಲ್ಲ ಎಂದು ಸ್ಪಷ್ಟಪಡಿಸಿದೆ. ಆದ್ದರಿಂದ ಓದು ಅಥವಾ ಕೆಲಸ ಮುಗಿಸಿ ಬೆಂಗಳೂರು ಬಿಡುವವರು ಕೊನೆಯ ವಾರಗಳಲ್ಲಿ ಹೊಸದಾಗಿ ಹಣ ತುಂಬದೆ ಇರುವುದನ್ನೇ ಓಡಾಡಿ ಮುಗಿಸುವುದು ಒಳ್ಳೆಯದು. ಕಾರ್ಡ್ ಎನ್‌ಸಿಎಂಸಿ ಆಗಿದ್ದು, ಹೋಗುವ ಊರಿನ ಮೆಟ್ರೋದಲ್ಲಿಯೂ ಅದು ನಡೆಯುವುದಾದರೆ, ಉಳಿದ ಹಣವನ್ನು ಅಲ್ಲಿಗೇ ಕೊಂಡೊಯ್ಯಬಹುದು.